ಗೋಪಾಲಮ್ಮನ ಹುಬ್ಬುಗಂಟು

ಜ್ಯೋತಿಲಕ್ಷ್ಮಿ ಹೆಬ್ಬೆರಳಿನಿಂದ ಅಮ್ಮನ ಹುಬ್ಬುಗಳ ನಡುವೆ ಅರಿಸಿನ ತಿಕ್ಕುತ್ತಲೇ ಇದ್ದಳು. ಗಂಟು ಬಿಡಲಿಲ್ಲ. ಸತ್ತ ಮೇಲೂ ಗೋಪಾಲಮ್ಮ ಯಾರ ಮೇಲೋ ಸಿಡುಕುತ್ತಿದ್ದ ಹಾಗೇ ಇದ್ದಳು.

ಆ ಸಿಡುಕು ಮುಖವನ್ನು ನಾಡೆಲ್ಲ ಬಲ್ಲದು. ಟೀವಿಯ ರಿಯಾಲಿಟಿ ಶೋ ಒಂದರಲ್ಲಿ ತೇಜಸ್ವಿನಿ ಎಂಬ ಹುಡುಗಿ, 'ನಮ್ಮಮ್ಮ ಸತ್ರೂ ಆಟ ಬಿಟ್ಟು ಹೋಗಲ್ಲ' ಎಂದಳು. ಮರುಕ್ಷಣವೇ ಪ್ರೇಕ್ಷಕರ ಸಾಲಿನಲ್ಲಿ ಮೂಗು ಮುರಿದು ಮುಖ ತಿರುಗಿಸಿದ ಹೆಂಗಸು ಕಂಡಳಲ್ಲ, ಅವಳೇ ಇವಳು. ಮಾರನೆಯ ದಿನ ಆ ಮುಖ ವಾಟ್ಸಾಪ್ ಸ್ಟಿಕ್ಕರ್ ಆಯಿತು. ತೇಜಸ್ವಿನಿಗೆ ಉಗಿಯಬೇಕು ಎನಿಸಿದವರೆಲ್ಲ ಅದನ್ನೇ ಕಳಿಸಿದರು. ಉಗಿಯುವುದಕ್ಕೂ ಜನಕ್ಕೆ ಇನ್ನೊಬ್ಬರ ಬಾಯಿ ಬೇಕು ನೋಡಿ.

ತಣಿಸಂದ್ರದ ಅವಳ ಗಲ್ಲಿಯಲ್ಲಿ ಶಾಮಿಯಾನ ಹಾಕಿದ್ದರು. ಪಕ್ಕದ ಬೀದಿಯ ಬಾಲರಾಜ್ ಫೋನ್ ಎತ್ತಿಕೊಂಡೇ ಬಂದಿದ್ದ. ಅವನದೊಂದು ಯೂಟ್ಯೂಬ್ ಚಾನಲ್ ಇದೆ. 'ಸ್ಟಿಕ್ಕರ್ ಆಂಟಿ ಇನ್ನಿಲ್ಲ' ಅಂತ ಬೆಳಗ್ಗೆಯೇ ಹಾಕಿಯಾಗಿತ್ತು, ಪುಣ್ಯಾತ್ಮ. ಆ ಫೋನ್ ತನ್ನತ್ತ ತಿರುಗಿದಾಗಲೆಲ್ಲ ಜ್ಯೋತಿ ಅಳು ನಿಲ್ಲಿಸಿ ಮತ್ತೆ ಅರಿಸಿನ ತಿಕ್ಕತೊಡಗುತ್ತಿದ್ದಳು.

ರಾಜಾನುಕುಂಟೆಯಿಂದ ಸೋದರಮಾವ ಮುನಿಗಂಗಪ್ಪ ತವರಿನ ಸೀರೆ ಹಿಡಿದು ಬಂದ. ಬಾಯಿಗೆ ಅಕ್ಕಿ ಹಾಕಲು ಬಂಧುಗಳು ಸಾಲಾಗಿ ನಿಂತರು. ಸಾಲಿನ ಕೊನೆಯಲ್ಲಿ ದುಪಟ್ಟಾವನ್ನು ಕಣ್ಣಿನವರೆಗೂ ಎಳೆದುಕೊಂಡಿದ್ದ ಹುಡುಗಿಯೊಬ್ಬಳಿದ್ದಳು. ಆ ಕಣ್ಣು ನೋಡಿದ್ದೇ ಜ್ಯೋತಿಗೆ ಗುರುತು ಹತ್ತಿತು.

*

ಗೋಪಾಲಮ್ಮ ಹೂ ಕಟ್ಟಿ ಮಾರುತ್ತಿದ್ದವಳು. ವ್ಯಾಪಾರವಿಲ್ಲದ ದಿನ ಸುನೀಲ್ ಎಂಬ ಏಜೆಂಟನ ಟೆಂಪೋ ಹತ್ತಿ, ಶೂಟಿಂಗ್‌ನಲ್ಲಿ ಚಪ್ಪಾಳೆ ತಟ್ಟಲು ಹೋಗುತ್ತಿದ್ದಳು. ಅಲ್ಲಿ ಶೋ ಶುರುವಾಗುವ ಮೊದಲೇ ಖಾಲಿ ವೇದಿಕೆಯೆದುರು ಕೂರಿಸಿ ಎಲ್ಲರ ಮುಖ ಕ್ಯಾಮೆರಾದಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ನಗಿ ಅಂತಾರೆ, ಅಳಿ ಅಂತಾರೆ, ಈಗ ಸಿಟ್ಟು ಮಾಡಿ ಅಂತಾರೆ. ಗೋಪಾಲಮ್ಮನಿಗೆ ಸಿಟ್ಟು ಬರಲಿಲ್ಲವಂತೆ. ನಿಮ್ಮ ಬೀದಿಗೆ ನೀರು ಬಿಡುವವನನ್ನು ನೆನೆಸಿಕೊಳ್ಳಮ್ಮ ಎಂದು ಸುನೀಲ್ ಹೇಳಿಕೊಟ್ಟ. ನೆನೆಸಿಕೊಂಡಳು. ಮುಖ ತಾನಾಗೇ ಗಂಟಾಯಿತು.

ತೇಜಸ್ವಿನಿ ವೇದಿಕೆಗೆ ಬಂದು ಆ ಮಾತಾಡಿದ್ದು ಅದಾಗಿ ಮೂರು ಗಂಟೆಯ ಮೇಲೆ. ಅದರ ಬೆನ್ನಿಗೇ, ಕಾಯಿಲೆ ಬಿದ್ದ ಅಮ್ಮನೇ ಹಾಗಂತ ಆಣೆ ಹಾಕಿಸಿಕೊಂಡು ಕಳಿಸಿದ್ದಾಳೆ ಎಂದೂ ಹೇಳಿದಳು. ಗೋಪಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಟೀವಿಯಲ್ಲಿ ಆ ಆಣೆಯ ಮಾತೂ ಬರಲಿಲ್ಲ, ಈ ಕಣ್ಣೀರೂ ಬರಲಿಲ್ಲ. ಬಂದದ್ದು ಮೊದಲೇ ಹಿಡಿದಿಟ್ಟ ಸಿಟ್ಟಿನ ಮುಖ.

ಯಾರಿಗಾದರೂ ಹೇಳೋಣ ನಡಿಯೇ ಎಂದು ಅಮ್ಮ ಅಂಗಲಾಚಿದರೂ ತಡೆದವಳು ಜ್ಯೋತಿಯೇ. ಒಳಗಿನ ಸಂಗತಿ ಹೊರಗೆ ಆಡಿದರೆ ಕೋರ್ಟಿಗೆ ಎಳೆಯುತ್ತೇವೆಂದು ಶೋನವರು ಕಾಗದಕ್ಕೆ ರುಜು ಹಾಕಿಸಿಕೊಂಡಿದ್ದರು. ಆಮೇಲೆ ಅಮ್ಮ ದಿನಾ ಎದ್ದ ತಕ್ಷಣ ಕೇಳುತ್ತಿದ್ದದ್ದು ಒಂದೇ.

"ಫೋನ್ ನೋಡೇ. ಆ ಮಗು ಏನೂ ಮಾಡ್ಕೊಂಡಿಲ್ಲ ತಾನೆ?"

ಎಂಟು ತಿಂಗಳು ಹೀಗೆ ಹೆದರಿ ಹೆದರಿಯೇ ಬದುಕಿದಳು. ನಿನ್ನೆ ಮಧ್ಯಾಹ್ನ ಹೂ ಕಟ್ಟುತ್ತಾ ಕೂತಿದ್ದವಳು ಎದೆ ಹಿಡಿದುಕೊಂಡು ಹಾಗೇ ಒರಗಿದಳು.

*

ದುಪಟ್ಟಾ ಜಾರಿತು. ತೇಜಸ್ವಿನಿ ಕಣ್ರೋ ಎಂದು ಯಾರೋ ಅಂದರು. ಮುನಿಗಂಗಪ್ಪ ಅಡ್ಡ ಬಂದು ನಿಂತ.

"ಎತ್ತ ತಾಯಿ ಸತ್ರೂ ಓಗಲ್ಲ ಅಂದೋಳಲ್ವೇನಮ್ಮ ನೀನು? ಇಲ್ಲಿಗ್ಯಾಕ್ ಬಂದೆ? ಓಗು."

ಬಾಲರಾಜ್ ಹತ್ತಿರ ಸರಿದ. ಇನ್ನೂ ನಾಲ್ಕಾರು ಫೋನುಗಳು ಮೇಲೆದ್ದವು. ತೇಜಸ್ವಿನಿ ಓಡಿಹೋಗುತ್ತಾಳೆಂದೇ ಜ್ಯೋತಿ ಅಂದುಕೊಂಡಳು. ಓಡಿಹೋಗಲಿ ದೇವರೇ ಅಂತಲೂ ಬೇಡಿಕೊಂಡಳು. ಆ ಹುಡುಗಿ ಮುಷ್ಟಿಯ ಅಕ್ಕಿ ಬಿಡಲಿಲ್ಲ.

"ಊರೆಲ್ಲ ಬೈದ್ರು, ಅವ್ರು ಅರ್ಧ ಕೇಳಿದ್ರು ಬಿಡಿ ಅಂದ್ಕೊಂಡೆ. ಇವ್ರು ಎದುರಿಗೇ ಕೂತಿದ್ರು. ನನ್ ಮಾತು ಪೂರ್ತಿ ಕೇಳಿನೂ ಮುಖ ತಿರುಗಿಸಿದ್ರು. ಹಂಗಾದ್ರೆ ತಪ್ಪು ನಂದೇ ಅನ್ನಿಸ್ತು. ಕ್ಷಮೆ ಕೇಳಕ್ ಬಂದೆ."

ಜ್ಯೋತಿ ಅಮ್ಮನ ಮುಖ ನೋಡಿದಳು. ಈ ಹುಡುಗಿಯೂ ಅದನ್ನೇ ನಂಬಿಬಿಟ್ಟಿದ್ದಾಳೆ! ಬಾಯಿ ಬಿಟ್ಟರೆ ಕೋರ್ಟು. ಇಷ್ಟು ಫೋನುಗಳಲ್ಲಿ ಯಾರು ಯಾವ ಅರ್ಧ ಕತ್ತರಿಸುತ್ತಾರೋ. ಸುಮ್ಮನಿದ್ದರೆ ಇವಳು ಹೀಗೇ ವಾಪಸ್ಸು ಹೋಗುತ್ತಾಳೆ. ಹೋಗಿ ಏನು ಮಾಡಿಕೊಳ್ಳುತ್ತಾಳೋ. ಅಮ್ಮನ ಭಯ ಈಗ ಜ್ಯೋತಿಯ ಎದೆಗೇ ಬಂದು ಕೂತಿತ್ತು.

"ಅಮ್ಮ ನಿಮ್ಗೆ ಮುಖ ತಿರುಗಿಸ್ಲಿಲ್ಲ," ಅಂದಳು. "ನೀವು ಬರೋ ಮುಂಚೇನೇ ಆ ಮುಖಾನ ಕ್ಯಾಮೆರಾದಲ್ಲಿ ಹಿಡ್ಕೊಂಡಿದ್ರು. ನೀವು ಮಾತಾಡ್ದಾಗ ಅಮ್ಮ ಅತ್ಲು. ನಂಗ್ ಗೊತ್ತಿತ್ತು. ಹೆದ್ರಿ ನಾನೇ ಅವಳ ಬಾಯ್ ಮುಚ್ಚಿಸ್ದೆ."

ಬಾಲರಾಜ್ ಫೋನನ್ನು ಇನ್ನಷ್ಟು ಮುಂದಕ್ಕೆ ಚಾಚಿ, ಅಕ್ಕಾ, ಇನ್ನೊಂದ್ಸಲ ಈ ಕಡೆ ತಿರುಗಿ ಹೇಳಿ ಎಂದ.

ಜ್ಯೋತಿ ಮಾವನ ಕೈಯಿಂದ ತವರಿನ ಸೀರೆ ಇಸಿದುಕೊಂಡು ಬಿಡಿಸಿ, ಫೋನುಗಳಿಗೆ ಅಡ್ಡ ಹಿಡಿದಳು. ಮುನಿಗಂಗಪ್ಪ ಬಂದು ಇನ್ನೊಂದು ಅಂಚು ಹಿಡಿದುಕೊಂಡ. ಸೀರೆಯ ಹಿಂದೆ ತೇಜಸ್ವಿನಿ ಬಗ್ಗಿದಳು. ಅಕ್ಕಿ ಬಾಯಿಗಿಂತ ಗಲ್ಲದ ಮೇಲೇ ಹೆಚ್ಚು ಬಿತ್ತು. ಅವಳು ಗೋಪಾಲಮ್ಮನ ಹುಬ್ಬಿನ ನಡುವೆ ಬೆರಳಿಟ್ಟು ಮೆಲ್ಲಗೆ ಸವರತೊಡಗಿದಳು.

ಆಚೆ ಬದಿಯ ಫೋನುಗಳಲ್ಲೆಲ್ಲ ಬರೀ ಸೀರೆ, ಅದೂ ಗಡಗಡ ನಡುಗುತ್ತಿತ್ತು.