ದೋಷವಿಲ್ಲ ಎಂದ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ. ಅಂಗೈಗಿಂತ ತುಸು ಅಗಲ, ಅಲ್ಯೂಮಿನಿಯಂ ಮೈ, ಒಂದು ಪಕ್ಕದಲ್ಲಿ ಸೂಜಿಯಂಥ ಪಿನ್ನುಗಳ ಸಾಲು. ಬಲ್ಲವರು ನನ್ನನ್ನು ಇಸಿಯು ಅನ್ನುತ್ತಾರೆ, ಉಳಿದವರು ವ್ಯಾನಿನ ಕಂಪ್ಯೂಟರು ಅನ್ನುತ್ತಾರೆ. ಹೆಸರು ಏನಾದರೂ ಇಟ್ಟುಕೊಳ್ಳಿ, ನನಗೆ ಬೇಸರವಿಲ್ಲ. ಬೇಸರ ಇರುವುದು ಬೇರೆಯದಕ್ಕೆ.

ಹುಟ್ಟಿದ್ದು ಧೂಳೇ ಇಲ್ಲದ ಒಂದು ದೊಡ್ಡ ಕೋಣೆಯಲ್ಲಿ. ತಲೆಗೆ ಟೋಪಿ, ಕೈಗೆ ಗವಸು ಹಾಕಿಕೊಂಡ ಹೆಣ್ಣುಮಕ್ಕಳು ನನ್ನನ್ನು ಜೋಡಿಸಿದರು. ಆಮೇಲೆ ಒಂದು ತಂತಿ ಚುಚ್ಚಿ ಪಾಠ ಹೇಳಿಕೊಟ್ಟರು. ಎಂಜಿನ್ನಿಗೆ ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು ಅನ್ನುವುದು ಮೊದಲ ಪಾಠ. ಏನಾದರೂ ಕೆಟ್ಟರೆ ಆ ಗಳಿಗೆಯಲ್ಲಿ ವ್ಯಾನಿನ ವೇಗ ಎಷ್ಟಿತ್ತು, ಎಂಜಿನ್ ಹೇಗಿತ್ತು, ಡ್ರೈವರಿನ ಕಾಲು ಎಲ್ಲಿತ್ತು ಎಂದು ನೆನಪಿನಲ್ಲಿಟ್ಟುಕೊಂಡು, ಅವನ ಕಣ್ಣೆದುರು ಹಳದಿ ದೀಪ ಹೊತ್ತಿಸುವುದು ಎರಡನೆಯದು. ಕೊನೆಗೆ ಬಾಯಿಗೆ ಬೀಗ ಹಾಕಿದರು. ನನ್ನ ನೆನಪನ್ನು ಪೂರ್ತಿ ಓದಲು ಕಂಪನಿಯ ಯಂತ್ರವೇ ಬೇಕು. ಹೊರಗಿನವರ ಯಂತ್ರಕ್ಕೆ ಬರೀ ಒಂದು ನಂಬರು ತೋರಿಸಬೇಕು. ಆದರೆ ಅವರು ಅಳಿಸು ಅಂದರೆ ಮಾತ್ರ ಮರುಮಾತಿಲ್ಲದೆ ಅಳಿಸಬೇಕು. ಓದುವ ಹಕ್ಕಿಲ್ಲದವನಿಗೆ ಅಳಿಸುವ ಹಕ್ಕನ್ನು ಯಾರಾದರೂ ಕೊಡುತ್ತಾರೆಯೇ? ಇವರು ಕೊಟ್ಟರು.

ನಾನು ಸೇರಿದ್ದು ಒಂದು ಬಿಳಿ ವ್ಯಾನಿಗೆ. ಸ್ಟಿಯರಿಂಗಿನ ಕೆಳಗೆ, ಡ್ರೈವರಿನ ಮೊಣಕಾಲಿನ ಹತ್ತಿರ ನನ್ನ ಜಾಗ. ಅಲ್ಲಿಂದ ಮನುಷ್ಯರ ಚಪ್ಪಲಿ ಕಾಣುತ್ತದೆ, ಮಾತು ಕೇಳುತ್ತದೆ, ಅಷ್ಟೇ. ಮೊದಲ ಯಜಮಾನರು ಮೈಸೂರಿನವರು, ಯಾತ್ರೆಗೆ ಗಾಡಿ ಬಿಡುತ್ತಿದ್ದರು. ಘಾಟಿ ಹತ್ತಿ ಇಳಿದು, ಮಕ್ಕಳ ವಾಂತಿ, ಹಿರಿಯರ ಭಜನೆ ಎಲ್ಲವನ್ನೂ ಸಹಿಸಿ ಕೆಲವು ವರ್ಷ ಕಳೆದೆ. ವ್ಯಾನು ಹಳತಾಯಿತೆಂದು ಅವರು ಮದ್ದೂರಿನ ಕಡೆಯ ನಂಜೇಗೌಡರಿಗೆ ಮಾರಿದರು.

ನಂಜೇಗೌಡರು ಹಳ್ಳಿಗಳಿಂದ ಗಾರ್ಮೆಂಟ್ಸಿಗೆ ಹೆಂಗಸರನ್ನು ಸಾಗಿಸುವ ಗುತ್ತಿಗೆ ಹಿಡಿದಿದ್ದರು. ಅವರ ಡ್ರೈವರ್ ಬೋರಲಿಂಗು. ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ಹೊರಟು ಊರೂರಿನಲ್ಲಿ ನಿಲ್ಲಿಸಿ ಹೆಂಗಸರನ್ನು ಹತ್ತಿಸಿಕೊಳ್ಳುತ್ತಿದ್ದ. ಹತ್ತಿದವರೇ ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಿದ್ದೆ ಹೋಗುತ್ತಿದ್ದರು. ಅವರ ನಿದ್ದೆ ಕೆಡಬಾರದೆಂದು ಬೋರಲಿಂಗು ಹಳ್ಳ ಬಂದರೆ ಎಷ್ಟು ಮೆಲ್ಲಗೆ ಇಳಿಸುತ್ತಿದ್ದ ಗೊತ್ತೇ! ಅವನ ಮುಖವನ್ನು ನಾನು ಕಂಡಿಲ್ಲ, ಆದರೆ ಅವನ ಕಾಲನ್ನು ನನ್ನಷ್ಟು ಬಲ್ಲವರಿಲ್ಲ. ಅಂಥ ಹದವಾದ ಕಾಲನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಷ್ಟ ಶುರುವಾದದ್ದು ಒಂದು ತಂತಿಯಿಂದ. ಎಂಜಿನ್ ತಿರುಗುತ್ತಿದೆಯೋ ಇಲ್ಲವೋ ಎಂದು ನನಗೆ ಹೇಳುವ ಸೆನ್ಸರಿನ ತಂತಿ ಅದು. ಎಂಜಿನ್ನಿಗೆ ಉಜ್ಜಿ ಉಜ್ಜಿ ಅದರ ಸಿಪ್ಪೆ ಸವೆಯಿತು. ಒಮ್ಮೊಮ್ಮೆ ಅರೆಗಳಿಗೆ ಸುದ್ದಿ ನಿಂತುಹೋಗುತ್ತಿತ್ತು. ನಾನು ದೀಪ ಹೊತ್ತಿಸಿದೆ.

ಬೋರಲಿಂಗು ಅದನ್ನು ಕಡೆಗಣಿಸಲಿಲ್ಲ. ಅದೇ ದಿನ ಗೌಡರಿಗೆ ಹೇಳಿದ. ಗೌಡರೇನು ಕೆಟ್ಟವರಲ್ಲ, ಆದರೆ ಅವಸರದವರು. ಕಂಪನಿ ಶೋರೂಮಿಗೆ ಬಿಟ್ಟರೆ ವಾರ ಇಟ್ಟುಕೊಳ್ಳುತ್ತಾರೆ, ಅಲ್ಲಿವರೆಗೆ ಹೆಂಗಸರನ್ನು ಹೊತ್ತುಕೊಂಡು ಹೋಗಲೇ ಎಂದು ಕೇಳಿದರು. ನಿನ್ನ ಬಾಮೈದನ ಹತ್ತಿರ ದೀಪ ಆರಿಸಿಕೊಂಡು ಬಾ ಎಂದರು.

ಬಾಮೈದ ಅಂದರೆ ಚೆಲುವರಾಜು, ಬೋರಲಿಂಗುವಿನ ಹೆಂಡತಿ ಮಾದೇವಮ್ಮನ ತಮ್ಮ. ಹೆದ್ದಾರಿ ಪಕ್ಕ ಅವನದೊಂದು ಗ್ಯಾರೇಜು. ಆ ಸೀಮೆಯಲ್ಲಿ ದೀಪ ಆರಿಸಿ ಕಳಿಸುವವನೇ ಒಳ್ಳೆಯ ಮೆಕ್ಯಾನಿಕ್ಕು. ದೀಪ ಉರಿಯುತ್ತಲೇ ಗಾಡಿ ವಾಪಸು ಬಂದರೆ, ಇವನಿಗೇನೂ ಬರಲ್ಲ ಎಂದು ಡ್ರೈವರುಗಳು ಮುಂದಿನ ಗ್ಯಾರೇಜಿಗೆ ಹೋಗುತ್ತಾರೆ. ರಾಜುವಿನ ಹತ್ತಿರ ಕೈಯಲ್ಲಿ ಹಿಡಿಯುವ ಅಗ್ಗದ ಸ್ಕ್ಯಾನರು ಇತ್ತು. ಚುಚ್ಚಿದ. ನಾನು ನಂಬರು ತೋರಿಸಿದೆ. ಆ ನಂಬರಿನ ಅರ್ಥ ಅವನ ಯಂತ್ರದಲ್ಲಿ ಇರಲಿಲ್ಲ. ಕಂಪನಿಗೆ ಫೋನು ಮಾಡಿ ಕೇಳಿದರೆ ಹೊರಗಿನವರಿಗೆ ಹೇಳುವುದಿಲ್ಲ ಎಂದರಂತೆ. ಅವನು ಗೊಣಗಿಕೊಂಡು ಅಳಿಸುವ ಗುಂಡಿ ಒತ್ತಿದ. ದೀಪ ಆರಿತು. ಮತ್ತೆ ಹೊತ್ತಿಸಿದೆ, ಮತ್ತೆ ಬಂದರು, ಮತ್ತೆ ಅಳಿಸಿದ. ನನಗೆ ರೋಸಿಹೋಯಿತು. ಆದರೂ ನನ್ನ ಕೈಲಾಗುವುದು ದೀಪ ಹೊತ್ತಿಸುವುದೊಂದೇ.

ಆ ದಿನ ಬೆಳಗ್ಗೆ ವ್ಯಾನಿನ ತುಂಬ ಹೆಂಗಸರಿದ್ದರು. ಮುಂದಿನ ಸೀಟಿನಲ್ಲಿ ಸುಂದ್ರಿ. ಬೋರಲಿಂಗುವಿನ ಎದುರು ಮನೆಯ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು. ಕೆರೆ ಏರಿಯಿಂದ ರಸ್ತೆ ಇಳಿದು ತಿರುಗುವಲ್ಲಿ ಆ ತಂತಿ ಪೂರ್ತಿ ಕಳಚಿಕೊಂಡಿತು. ಎಂಜಿನ್ ನಿಂತಿದೆಯೆಂದು ನಾನು ತಿಳಿದೆ, ಡೀಸೆಲ್ ನಿಲ್ಲಿಸಿದೆ. ಎಂಜಿನ್ ನಿಜವಾಗಿಯೂ ನಿಂತಿತು. ಸ್ಟಿಯರಿಂಗು ಕಲ್ಲಿನಂತೆ ಬಿಗಿದುಕೊಂಡಿತು, ಬ್ರೇಕು ಗಟ್ಟಿಯಾಯಿತು. ಬೋರಲಿಂಗು ಎರಡೂ ಕಾಲು ಊರಿ ಬ್ರೇಕು ತುಳಿದ. ವ್ಯಾನು ಹುಣಸೆ ಮರಕ್ಕೆ ಬಡಿಯಿತು. ಸುಂದ್ರಿ ಇದ್ದ ಕಡೆಗೇ ಬಡಿಯಿತು. ಅವಳು ಉಳಿಯಲಿಲ್ಲ.

ಅಯ್ಯೋ, ಆ ಕೂಗು ನನಗೆ ಯಾಕೆ ಕೇಳಿಸಬೇಕಿತ್ತು! ಆದರೂ ಕಲಿಸಿದ ಕೆಲಸ ಬಿಡಲಿಲ್ಲ. ವೇಗ ಮಿತಿಯಲ್ಲಿತ್ತು, ಡ್ರೈವರಿನ ಕಾಲು ಬ್ರೇಕಿನ ಮೇಲಿತ್ತು, ಸೆನ್ಸರಿನ ಸುದ್ದಿ ನಿಂತಿತ್ತು. ಮೂರನ್ನೂ ಭದ್ರವಾಗಿ ಇಟ್ಟುಕೊಂಡು ದೀಪ ಹೊತ್ತಿಸಿದೆ.

ಬೋರಲಿಂಗುವನ್ನು ಪೊಲೀಸರು ಹಿಡಿದರು. ಅತಿವೇಗ, ಅಜಾಗರೂಕತೆ, ಒಂದು ಸಾವು. ವ್ಯಾನನ್ನು ಎಳೆತಂದು ಠಾಣೆಯ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಬ್ರೇಕ್ ಇನ್ಸ್‌ಪೆಕ್ಟರು ಬಂದು ನೋಡುವವರೆಗೆ ಯಾರೂ ಮುಟ್ಟುವ ಹಾಗಿರಲಿಲ್ಲ. ಬೋರಲಿಂಗು ಜಾಮೀನಿನ ಮೇಲೆ ಹೊರಬರುವ ಮೊದಲೇ, ಭಾವನ ಬಟ್ಟೆ ಒಳಗಿದೆ, ತಗೊಳ್ತೀನಿ ಎಂದು ಪೇದೆಯನ್ನು ಕೇಳಿಕೊಂಡು ರಾಜು ವ್ಯಾನಿನೊಳಗೆ ಬಂದ. ಅಲ್ಲೇ ಸಿಕ್ಕಿಕೊಂಡಿದ್ದ ಕೀ ತಿರುಗಿಸಿದ. ಹಳದಿ ದೀಪ ಉರಿಯಿತು. ಅವನ ಉಸಿರು ಜೋರಾದದ್ದು ನನಗೆ ಕೇಳಿಸಿತು. ಕೆಟ್ಟ ಗಾಡಿ ಅಂತ ಗೊತ್ತಿದ್ದೂ ಹೆಂಗಸರನ್ನು ತುಂಬಿಕೊಂಡು ಹೋದ ಎಂದು ಪೊಲೀಸರು ಬರೆದುಬಿಡುತ್ತಾರೆ ಎಂದು ಅವನು ಹೆದರಿದ. ಪಾಪ, ಅವನಿಗೆ ಭಾವನ ಮೇಲೆ ಅಷ್ಟು ಜೀವ. ಜೇಬಿನಿಂದ ಸ್ಕ್ಯಾನರು ತೆಗೆದ, ಚುಚ್ಚಿದ. ಬೇಡ ಕಣೋ, ಬೇಡ ಎಂದು ನಾನು ಒಳಗೊಳಗೇ ಅರಚಿಕೊಂಡೆ. ಗುಂಡಿ ಒತ್ತಿದ.

ಅಳಿಸಿದ ಮೇಲೆ ನಿನಗಿದೆಲ್ಲ ಹೇಗೆ ನೆನಪಿದೆ ಎಂದು ಕೇಳಬೇಡಿ. ಯಂತ್ರಕ್ಕೆ ಹೇಳುವ ನೆನಪು ಅಳಿಯಿತು. ಸಂಕಟ ಅಳಿಸುವ ಗುಂಡಿ ಅದರಲ್ಲಿರಲಿಲ್ಲ.

ಬೋರಲಿಂಗು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ. ಎಂಜಿನ್ ತಾನೇ ನಿಂತುಹೋಯಿತು, ಸ್ಟಿಯರಿಂಗು ತಿರುಗಲಿಲ್ಲ. ಅಪ್ಪಚ್ಚಿಯಾದ ಎಂಜಿನ್ನಿನಲ್ಲಿ ಕಳಚಿದ ಆ ಒಂದು ತಂತಿ ಬ್ರೇಕ್ ಇನ್ಸ್‌ಪೆಕ್ಟರ ಕಣ್ಣಿಗೂ ಬೀಳಲಿಲ್ಲ, ಯಾರೂ ನಂಬಲಿಲ್ಲ. ಅವನ ವಕೀಲರು ಮಾತ್ರ ಕಿವಿಗೊಟ್ಟರು. ಪೆಟ್ಟಿಗೆಯೊಳಗೆ ಎಲ್ಲ ಇರುತ್ತದೆ, ತೆಗೆಸಿ ಓದಿಸೋಣ ಎಂದರು. ಕಂಪನಿ ಒಪ್ಪಲಿಲ್ಲ. ಆ ಮಾಹಿತಿ ತಮ್ಮದು, ಹೊರಗೆ ಕೊಡುವಂತಿಲ್ಲ ಎಂದಿತು. ಬಹಳ ದಿನ ಅಲೆದ ಮೇಲೆ ನ್ಯಾಯಾಲಯದ ಆದೇಶ ಬಂತು. ಅಷ್ಟು ದಿನವೂ ಬೋರಲಿಂಗು ಅದೊಂದು ಭರವಸೆಯ ಮೇಲೇ ಉಸಿರಾಡುತ್ತಿದ್ದ. ಹೆಂಡತಿಗೂ ಹೇಳಿದ್ದನಂತೆ, ಪೆಟ್ಟಿಗೆ ತೆಗೆಯಲಿ, ಆಮೇಲೆ ಊರಿನವರು ನನ್ನ ಮುಖ ನೋಡುತ್ತಾರೆ ಎಂದು.

ಕಂಪನಿಯ ಎಂಜಿನಿಯರು ಠಾಣೆಗೇ ಬಂದರು. ಎಲ್ಲರೂ ವ್ಯಾನಿನ ಸುತ್ತ ನಿಂತರು. ಮೊದಲ ಸಲ ನನ್ನ ಬೀಗ ಪೂರ್ತಿ ತೆರೆಯಿತು. ಏನಿದೆ ಎಂದು ಯಂತ್ರ ಕೇಳಿತು. ನನ್ನಲ್ಲೇನಿತ್ತು? ದೋಷವಿಲ್ಲ ಎಂದೆ. ಎಂಜಿನಿಯರು ಅದನ್ನೇ ಗಟ್ಟಿಯಾಗಿ ಓದಿ ಬರೆದುಕೊಂಡರು. ಯಾರಾದರೂ ಅಳಿಸಿದ್ದಾರೆಯೇ ಎಂದು ಕೇಳಿದ್ದರೆ ಅಳಿಸಿದ ಗುರುತನ್ನಾದರೂ ತೋರಿಸುತ್ತಿದ್ದೆ. ಅವರು ಕೇಳಲಿಲ್ಲ, ಕೇಳದ್ದನ್ನು ಹೇಳಲು ನನಗೆ ಕಲಿಸಿಲ್ಲ.

ಅವರೆಲ್ಲ ಸಹಿ ಮಾಡಲು ಒಳಗೆ ಹೋದರು. ವ್ಯಾನಿನ ಬಾಗಿಲ ಬಳಿ ಉಳಿದವರು ಭಾವ, ಬಾಮೈದ ಇಬ್ಬರೇ. ರಾಜುವಿನ ಚಪ್ಪಲಿ ನೆಲ ಕೆರೆಯುತ್ತಿತ್ತು.

‘ಭಾವ, ಅದ್ನ ನಾನೇ ಅಳಿಸ್ಬುಟ್ಟೆ. ಲೈಟ್ ನೋಡುದ್ರೆ ನಿನ್ ಮೇಲೇ ಹಾಕ್ತಾರೆ ಅನ್ಕಂಡೆ.’

ಬೋರಲಿಂಗು ಬಾಗಿಲು ಹಿಡಿದುಕೊಂಡು ವ್ಯಾನಿನ ಮೆಟ್ಟಿಲ ಮೇಲೆ ಕೂತ. ವಕೀಲರಿಗೆ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ರಾಜು ಬಿಕ್ಕಿದ.

‘ಹೇಳುದ್ರೆ ನಿನ್ನೂ ಒಳಕ್ಕಾಕ್ತಾರೆ ಕಣೋ. ಆಮೇಲೆ ನಿಮ್ಮಕ್ಕಂಗೆ ಯಾರವ್ರೆ? ಅವ್ಳಿಗೂ ಹೇಳ್ಬೇಡ. ಇರಾನು ಒಬ್ಬ ತಮ್ಮ, ಅವ್ನೂ ಬ್ಯಾಡ ಅನ್ನಂಗಾಗ್ಬಾರ್ದು.’

ನನ್ನ ಮಾತೇ ಸಾಕ್ಷಿಯಾಯಿತು. ವ್ಯಾನಿನಲ್ಲಿ ದೋಷವಿರಲಿಲ್ಲ, ಆದ್ದರಿಂದ ದೋಷ ಡ್ರೈವರಿನದು. ಬೋರಲಿಂಗುವಿಗೆ ಜೈಲಾಯಿತು.

ವ್ಯಾನನ್ನು ಗೌಡರು ಗುಜರಿಗೆ ಹಾಕಿದರು. ಅಲ್ಲಿಗೆ ರಾಜು ಬಂದು ನನ್ನೊಬ್ಬನನ್ನು ಬಿಚ್ಚಿಸಿಕೊಂಡು ಹೋದ. ಯಾವ ಗಾಡಿಗೂ ಹಾಕಲಿಲ್ಲ. ಮೊದಮೊದಲು ಬ್ಯಾಟರಿಗೆ ಸಿಕ್ಕಿಸಿ ಸ್ಕ್ಯಾನರಿನಲ್ಲಿ ಹುಡುಕುತ್ತಿದ್ದ, ಏನೋ ಒಂದು ಚೂರು ಉಳಿದಿರಬಹುದೆಂದು. ಆಮೇಲೆ ಅದೂ ನಿಂತಿತು. ಈಗ ನಾನು ಗ್ಯಾರೇಜಿನ ಹಲಗೆಯ ಮೇಲೆ, ಹಳೆಯ ಫಿಲ್ಟರುಗಳ ಮಧ್ಯೆ ಬಿದ್ದಿದ್ದೇನೆ. ಪಿನ್ನುಗಳಿಗೆ ತುಕ್ಕು ಹಿಡಿಯುತ್ತಿದೆ. ಇಲ್ಲಿ ಬರುವ ಹೊಸ ಗಾಡಿಗಳಲ್ಲಿ ನನ್ನ ಜಾತಿಯವರು ಇದ್ದಾರೆ, ನನಗಿಂತ ಹೆಚ್ಚು ನೋಡುತ್ತಾರೆ, ಹೆಚ್ಚು ನೆನಪಿಡುತ್ತಾರೆ. ಅವರ ಬಾಯಿಗೂ ಬೀಗವೇ.

ಮಾದೇವಮ್ಮ ಈಗ ಹಗಲೆಲ್ಲ ತಮ್ಮನ ಗ್ಯಾರೇಜಿನಲ್ಲೇ ಇರುತ್ತಾಳೆ. ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುತ್ತಾಳೆ. ಸುಂದ್ರಿಯ ತಾಯಿ ಎದುರು ಮನೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತಾಳಂತೆ, ಅದನ್ನು ನೋಡಲಾರದೆ ಇವಳು ಬೆಳಕು ಹರಿಯುತ್ತಲೇ ಇಲ್ಲಿಗೆ ಬರುತ್ತಾಳೆ. ತಿಂಗಳಿಗೊಮ್ಮೆ ಜೈಲಿಗೆ ಹೋಗುವ ದಿನ ಮಾತ್ರ ಬುತ್ತಿ ಕಟ್ಟಿಕೊಂಡು, ಬಂದ ಹಾಗೇ ಬಸ್ಸು ಹತ್ತುತ್ತಿದ್ದಳು.

ಈ ಸಲ ಬುತ್ತಿ ತಂದಳು, ಬಸ್ಸು ಹತ್ತಲಿಲ್ಲ. ಹಲಗೆ ಒರೆಸುತ್ತಾ ನನ್ನನ್ನು ಕೈಗೆತ್ತಿಕೊಂಡು ಸೆರಗಿನಲ್ಲಿ ಧೂಳು ತೆಗೆದಳು.

‘ವ್ಯಾನು ಸರಿಯಾಗೇ ಇತ್ತು ಅಂತ ಕಂಪ್ನಿಯವ್ರೇ ಬರ್ಕೊಟ್ರಲ್ಲ ರಾಜು. ಅಂದ್ಮೇಲೆ ನಿಮ್ ಭಾವ್ನೇ ಓಡುಸ್ತಾ ಕಣ್ಮುಚ್ಚವ್ರೆ. ಹೋಗ್ಲಿ, ನನ್ನತ್ರನಾದ್ರೂ ನಿಜ ಹೇಳ್ಬೋದಿತ್ತು. ಹೋದಾಗ್ಲೆಲ್ಲ ಎಂಜಿನ್ ತಾನೇ ನಿಂತೋಯ್ತು ಅಂತ ಅದೇ ಸುಳ್ಳು. ನಂಗೆ ಇನ್ ಹೋಗಕ್ಕೆ ಮನ್ಸೇ ಬರಲ್ಲ.’

ರಾಜು ಗಾಡಿಯ ಕೆಳಗಿದ್ದ. ಸ್ಪ್ಯಾನರಿನ ಸದ್ದು ನಿಂತಿತು, ಅವನು ಮಾತ್ರ ಹೊರಗೆ ಬರಲಿಲ್ಲ. ನನಗೆ ತಂತಿಯಿಲ್ಲ, ಕರೆಂಟಿಲ್ಲ. ಇದ್ದರೂ ನನ್ನ ಬಾಯಿಂದ ಬರುವುದು ಅದೊಂದೇ ಮಾತು. ಅವಳು ನನ್ನನ್ನು ಹಲಗೆಯ ಮೇಲಿಟ್ಟು ಕೈ ತೊಳೆದಳು. ಗಂಡನಿಗೆಂದು ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಬಿಚ್ಚಿ, ಹೊತ್ತಾಯಿತು ಉಣ್ಣು ಬಾ ಎಂದು ತಮ್ಮನನ್ನು ಕರೆದಳು. ಅವನು ಎದ್ದು ಬಂದು ಅವಳೆದುರು ಕೂತ, ತಲೆ ಎತ್ತದೆ ಉಂಡ.