ದೇವಿಯ ಕಿವಿಯ ಬೆಸುಗೆ

"ಸೀಸಾ ಹಚ್ಚೀಯೇನಲೇ ಸೂಳಿಮಗನ! ನಮ್ಮವ್ವನ ಮುಖಕ್ಕ ಸೀಸಾ ಹಚ್ಚೀಯೇನು?"

ಬೆಳ್ಳಿಯ ಕಿವಿ ಬಂದು ಅಕ್ಕಸಾಲಿಗ ಗೌಸಸಾಬನ ಎದೆಗೆ ಬಡಿದು ಅಂಗಳದ ಧೂಳಿಗೆ ಬಿತ್ತು. ಎಸೆದವನು ಗುಡೂರಿನ ದೇಸಾಯಿ. ತನ್ನ ವಾಡೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಅವನ ಬಗಲಿಗೆ ಪೂಜಾರಿ, ಸಾಬನ ನೆರಳು ತನಗೆ ತಾಗದ ಹಾಗೆ ಮಡಿಪಂಚೆ ಎತ್ತಿ ಹಿಡಿದು ನಿಂತಿದ್ದ. ವಾಡೆಯ ದೇವಿಯ ಬೆಳ್ಳಿ ಮುಖಕ್ಕೆ ಗೌಸಸಾಬ ಕೂಡಿಸಿಕೊಟ್ಟ ಕಿವಿ ಹದಿನೈದು ದಿನ ತಡೆದು, ಈ ಬೆಳಗ್ಗೆ ಕರ್ಪೂರದಾರತಿಯ ಬಿಸಿಗೆ ಕಳಚಿ ಬಿದ್ದಿತ್ತು.

"ಖರೆ ಐತ್ರಿ ಧಣಿ, ಸೀಸಾನ ಹಚ್ಚೇನಿ," ಎಂದ ಗೌಸಸಾಬ ನೆಲ ನೋಡುತ್ತ. "ಬಾಯಿಲೆ ಊದಬ್ಯಾಡ ಅಂದ್ರಿ. ಊದಲಾರದ ಹತ್ತೂದು ಸೀಸಾ ಒಂದ. ಬಿಸಿ ತಡಿಯೂದಿಲ್ಲ ಅಂತ ಅವತ್ತ ಹೇಳಿದ್ನೆಲ್ರಿ."

"ಕೇಳ್ರಿ ಪೂಜಾರ್ರ! ಇವ ಹೇಳಿದ್ನಂತ, ನಾವು ಕೇಳಬೇಕಿತ್ತಂತ!"

ಹೇಳಿದ್ದು ಸುಳ್ಳೇನೂ ಅಲ್ಲ. ಬೆಳ್ಳಿಗೆ ಬೆಳ್ಳಿ ಕೂಡಬೇಕಾದರೆ ಗಟ್ಟಿ ಬೆಸುಗೆ ಬೇಕು. ಅದು ಕರಗಬೇಕಾದರೆ ದೀಪದ ಉರಿಯನ್ನು ಊದುಗೊಳವೆಯಿಂದ ಸೂಜಿಯ ಹಾಗೆ ಚೂಪು ಮಾಡಿ ಆ ಒಂದು ಗೆರೆಯ ಮೇಲೇ ಹಿಡಿಯಬೇಕು. ಅಕ್ಕಸಾಲಿಗನ ಉಸಿರಿಲ್ಲದೆ ಆಗುವ ಕೆಲಸವಲ್ಲ. ಪೂಜಾರಿಯೋ, ಬಾಯಿಂದ ಬಂದ ಗಾಳಿ ಎಂಜಲು ಎಂದ. ಬೆಸುಗೆ ಹರಿಯಲೆಂದು ಬಿಳಿಗಾರ ಹಚ್ಚುವ ಕೋಳಿಪುಕ್ಕ ಮೈಲಿಗೆ, ಗರಿಕೆಯಿಂದ ಹಚ್ಚು ಎಂದ. ಬೆಸುಗೆಯ ಚೂರನ್ನು ನಾಲಿಗೆಯಿಂದ ಒದ್ದೆ ಮಾಡಿದರೆ ನಾಲಿಗೆ ಕೊಯ್ಯಿಸುತ್ತೇನೆ ಎಂದ. ಕೈ ಕಟ್ಟಿ ಹೊಳೆಗೆ ದೂಡಿ ಈಜು ಅಂದ ಹಾಗಾಯಿತು. ಕೆಂಡಕ್ಕೆ ಬೀಸಣಿಗೆ ಹಾಕಿ, ಹೆಂಗೋ ಸೀಸ ಮೆತ್ತಿ ಕೊಟ್ಟು, ಜೀವ ಉಳಿದರೆ ಸಾಕೆಂದು ಗೌಸಸಾಬ ಮನೆಗೆ ಬಂದಿದ್ದ.

"ನಾಳೆ ಗಟ್ಟಿ ಬೆಸಿಗಿ ಹಾಕು," ಎಂದ ದೇಸಾಯಿ. "ಇಲ್ಲೇ, ನಮ್ಮ ಕಣ್ಣ ಮುಂದ. ಬೀಸಣಿಕಿಲೆ. ಕೂಡಲಿಲ್ಲೋ, ಸಂಜಿಗೆ ನಿನ್ನ ಮನಿ ತೊಲಿ ಕೀಳಸ್ತೇನಿ. ಜಾಗಾ ವಾಡೇದು. ನೆನಪೈತಿಲ್ಲೋ?"

ಮರೆಯುವ ಮಾತೇ? ತಂದೆ ತೀರಿಕೊಂಡದ್ದು ಆ ಮನೆಯಲ್ಲಿ, ಜೋಹರಾ ಮದುವಣಗಿತ್ತಿಯಾಗಿ ಕಾಲಿಟ್ಟದ್ದು ಆ ಮನೆಗೆ. ಅದು ಬಿಟ್ಟರೆ ಈ ಭೂಮಿಯ ಮೇಲೆ ಗೌಸಸಾಬನಿಗೆ ತಲೆ ಇಡಲು ಅಂಗೈಯಗಲ ಜಾಗವಿರಲಿಲ್ಲ.

ಮನೆಗೆ ಬಂದು ಕಿವಿಯಂಚಿನ ಸೀಸವನ್ನು ಚೂರಿಯ ಮೊನೆಯಿಂದ ಕೆರೆಯುತ್ತ ಕೂತ. ಒಂದು ಚುಕ್ಕೆ ಉಳಿದರೂ ನಾಳೆಯ ಬೆಂಕಿಗೆ ಅದು ಬೆಳ್ಳಿಯನ್ನು ಗೆದ್ದಲು ತಿಂದಂತೆ ತಿಂದು ತೂತು ಮಾಡುತ್ತದೆ. ವಾಡೆಯವರು ಬೆಸುಗೆಗೆಂದು ಗುಂಜಿಯಷ್ಟು ಬೆಳ್ಳಿಯನ್ನೂ ಕೊಟ್ಟಿರಲಿಲ್ಲ. ಜೋಹರಾ ತನ್ನ ಕಾಲುಂಗುರ ತೆಗೆದು ಮೂಸೆಯೊಳಗೆ ಹಾಕಿದಳು. ಹಳೆಯ ರಾಣಿ ಛಾಪಿನ ರೂಪಾಯಿ ಕರಗಿಸಿ ಮಾಡಿದ ಉಂಗುರ ಅದು. ಈಗ ರಾಣಿ ಹೋಗಿ ರೂಪಾಯಿಯ ಮೇಲೆ ರಾಜನ ಬೋಳುತಲೆ ಬಂದಿತ್ತು.

"ಸಮಾ ಪಾಲು ಹಿತ್ತಾಳಿ ಹಾಕ್ರಿ. ಲಗೂನ ಕರಗತೈತಿ," ಎಂದಳು.

"ಕರಗತೈತಿ, ಹಳದಿನೂ ಕಾಣತೈತಿ. ಬೆಳ್ಳಿ ಕದ್ದು ಹಿತ್ತಾಳಿ ತುಂಬ್ಯಾನ ಅಂತಾನ ಪೂಜಾರಿ. ಎರಡ ಪಾಲು ಬೆಳ್ಳಿ, ಒಂದ ಪಾಲು ಹಿತ್ತಾಳಿ. ಅದಕ್ಕೇನೂ ಅನ್ನಾಕ ಬರೂದಿಲ್ಲ."

"ಅದು ಬೀಸಣಿಕಿ ಗಾಳಿಗೆ ಕರಗತೈತೇನ್ರಿ?"

"ಇಲ್ಲ."

"ಮತ್ತ?"

ಗೌಸಸಾಬ ಹಿತ್ತಾಳೆಯ ಪಾಲು ತೂಗಿ ಮೂಸೆಗೆ ಹಾಕಿ ಕೆಂಡಕ್ಕಿಟ್ಟ. ಅವನಿಗೆ ಭಾರೀ ಹೆದರಿಕೆಯಾಗಿತ್ತು. ಕರಗಿದ್ದನ್ನು ಬಡಿದು ತೆಳ್ಳಗೆ ಮಾಡಿ, ಎಳ್ಳುಕಾಳಿನಷ್ಟು ಚೂರು ಕತ್ತರಿಸಿಟ್ಟ. ಜೋಹರಾ ಬಿಳಿಗಾರದ ಹರಳನ್ನು ಕಲ್ಲಿನ ಮೇಲೆ ನೀರು ಹಾಕಿ ಗಂಧ ತೇಯ್ದ ಹಾಗೆ ತೇಯ್ದಳು.

ಮರುದಿನ ಹೊತ್ತು ನೆತ್ತಿಗೇರುವಾಗ ವಾಡೆಯ ಅಂಗಳದಲ್ಲಿ ಕೆಂಡದ ಶೇಗಡಿ ಹೊತ್ತಿತು. ಬೀಸಣಿಗೆ ಹಿಡಿದವನು ಅಮಸಿದ್ದಪ್ಪ, ವಾಡೆಯ ಕುರಿ ಕಾಯುವವನು, ಗೌಸಸಾಬನ ಓಣಿಯವನೇ. ಕೆಂಡದ ಮೇಲೆ ದೇವಿಯ ಮುಖ ಅಂಗಾತ ಮಲಗಿತ್ತು. ಗೌಸಸಾಬ ಅದಕ್ಕಂಟಿದ್ದ ಸೀಸವನ್ನೂ ಕೆರೆದು ತೆಗೆದು, ಕಿವಿ ಜೋಡಿಸಿ, ಗರಿಕೆಯಿಂದ ಬಿಳಿಗಾರ ಹಚ್ಚಿ, ಚೂರುಗಳನ್ನು ಇಕ್ಕಳದಿಂದ ಒಂದೊಂದಾಗಿ ಇಟ್ಟ. ಬಿಳಿಗಾರ ಜೋಳದ ಅಳ್ಳಿನಂತೆ ಉಬ್ಬಿತು, ಆಮೇಲೆ ಇಳಿದು ಗಾಜಿನಂತೆ ಹರಡಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆದರೆ ಬೆಸುಗೆ ಮಾತ್ರ ಜಪ್ಪಯ್ಯ ಅಂದರೂ ಹರಿಯಲೊಲ್ಲದು. ಬೀಸಣಿಗೆಯ ಗಾಳಿಗೆ ಕಾವು ಮುಖವೆಲ್ಲ ಹಬ್ಬುತ್ತಿತ್ತೇ ಹೊರತು ಗೆರೆಗೆ ಹತ್ತುತ್ತಿರಲಿಲ್ಲ.

"ಬೀಸಲೇ ಕುರುಬ! ಕೂಳ ತಿಂದಿಲ್ಲೇನು?" ಎಂದು ದೇಸಾಯಿ ಒದರಿದ.

ಅಮಸಿದ್ದಪ್ಪ ಇನ್ನಷ್ಟು ಬೀಸಿದ. ದೇವಿಯ ತೆಳ್ಳನೆಯ ಕೆನ್ನೆ ಕೆಂಪಗಾಗತೊಡಗಿತು. ಇನ್ನೆರಡು ಬೀಸಿದರೆ ಮುಖವೇ ಕರಗಿ ಗೋಲಿಯಾಗುತ್ತದೆ, ತನ್ನ ಮನೆಯ ತೊಲೆ ನೆಲಕ್ಕೆ ಬೀಳುತ್ತದೆ.

"ನಿಲ್ಲಸೋ ಅಮಸಿದ್ದಣ್ಣ! ಸಾಕು, ನಿಲ್ಲಸು!"

ಅಷ್ಟಂದವನೇ ಗೌಸಸಾಬ ಪಕ್ಕದಲ್ಲಿ ದೇವಿಗೆಂದು ಹಚ್ಚಿಟ್ಟಿದ್ದ ದೀಪವನ್ನು ಎಳೆದುಕೊಂಡ. ಸೊಂಟದಿಂದ ಊದುಗೊಳವೆ ಹಿರಿದು ತುಟಿಗಿಟ್ಟು ಊದಿದ. ಉರಿ ಬಾಗಿ ಗೆರೆಗೆ ಮುಟ್ಟಿತು. ಒಂದು ಉಸಿರು ಮುಗಿಯುವುದರೊಳಗೆ ಬೆಸುಗೆ ಫಳಕ್ಕನೆ ಮಿಂಚಿ ಕಿವಿಯ ಬುಡದುದ್ದಕ್ಕೂ ಓಡಿತು. ಎಂಥ ಚೆಂದ ಓಡಿತು! ಗೌಸಸಾಬನಿಗೆ ಆ ಗಳಿಗೆಯಲ್ಲಿ ವಾಡೆ ಮರೆತುಹೋಯಿತು, ದೇಸಾಯಿ ಮರೆತುಹೋದ, ಬರೀ ಸಂತೋಷವಾಯಿತು.

"ಊದಿದಾ! ಎಂಜಲಾತು! ಘಾತ ಆತು ಧಣಿ!" ಪೂಜಾರಿ ಬಾಯಿ ಬಡಿದುಕೊಂಡ.

ದೇಸಾಯಿ ಎದ್ದು ಬಂದು, ಮುಖ ಆರುವ ತನಕ ಕಾದು, ಕಿವಿ ಹಿಡಿದು ಜಗ್ಗಿ ನೋಡಿದ. ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿದ.

"ಕೂಡೇತಿ," ಎಂದ. "ಪೂಜಾರ್ರ, ಇದಕ್ಕ ಶುದ್ಧಿ ಐತೇನು?"

"ಐತ್ರಿ. ಗೋಮೂತ್ರದಾಗ ಮೂರು ದಿನ ಇಟ್ಟ್ರ ಆತು."

"ಹಂಗಾದ್ರ ಮುಖಾ ಒಳಗ ಒಯ್ರಿ. ಈ ಸಾಬನ ಮನಿ ಕೀಳ್ರಿ."

"ಧಣಿ, ಕೂಡಿದ್ರ ಕೀಳೂದಿಲ್ಲ ಅಂದಿದ್ರಿ!"

"ಬೀಸಣಿಕಿಲೆ ಕೂಡಸು ಅಂದಿದ್ನಿ. ಬೆಳ್ಳಿಗೆ ಶುದ್ಧಿ ಐತಿ. ನಿನಗೆಲ್ಲಿ ಶುದ್ಧಿ ಐತಲೇ?"

ಗೌಸಸಾಬನ ಮೈಯೆಲ್ಲ ಉರಿದುಹೋಯಿತು. ಹೋಗುವುದೆಲ್ಲ ಹೋದ ಮೇಲೆ ಹೆದರಿಕೆ ಯಾಕೆ? ದೇವಿಯ ಮುಖವನ್ನು ಎತ್ತಿ ಹಿಂದುಮುಂದು ತಿರುಗಿಸಿ ದೇಸಾಯಿಯ ಮೂಗಿನ ಮುಂದೆ ಹಿಡಿದ.

"ನೋಡ್ರಿ ಇಲ್ಲೆ. ಮೂಗಿಂದೊಂದು, ಹುಬ್ಬಿಂದೊಂದು, ಗದ್ದದ್ದೊಂದು. ಹಿಂದ ಎಲ್ಲಾ ಬೆಸಿಗಿನ ಅದಾವ. ಒಂದೊಂದರ ತುದಿಗೆ ಗೋದಿಕಾಳಿನಂಗ ಗುಳ್ಳಿ ಬಿಟ್ಟಾರ. ಹಂಗ ಬಿಡೂದು ಇಲಕಲ್ಲಿನ ನಮ್ಮಜ್ಜನ ಕೈ. ಇದನ್ನ ಮಾಡಿದವ ನಮ್ಮಜ್ಜ. ಬಾಯಿಲೇ ಊದ್ಯಾನ. ಅವ್ವನ ಮೂಗೂ ಎಂಜಲ, ಬಾಯೀನೂ ಎಂಜಲ. ನಿಮ್ಮಪ್ಪ, ನಿಮ್ಮಜ್ಜ ಕೈ ಮುಗದದ್ದು ಅದಕ್ಕ. ಎಷ್ಟ ಶುದ್ಧಿ ಮಾಡ್ತೀರಿ ಮಾಡ್ರಿ!"

ಪೂಜಾರಿಯ ಮುಖ ಬೂದಿಯಾಯಿತು.

"ಈ ಮಾತು ವಾಡೆ ದಾಟಬಾರದ್ರಿ ಧಣಿ," ಎಂದ ಸಣ್ಣಗೆ.

ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ದೇಸಾಯಿ ಶೇಗಡಿಯ ಬದಿಗಿದ್ದ ಸುತ್ತಿಗೆ ಎತ್ತಿ ಒಮ್ಮೆ ಹೊಡೆದ, ಗೌಸಸಾಬ ಬಿದ್ದ ಮೇಲೆ ಮತ್ತೊಮ್ಮೆ ಹೊಡೆದ. ಮುಂದಿನ ಹಲ್ಲುಗಳಲ್ಲಿ ಒಂದೂ ಉಳಿಯಲಿಲ್ಲ.

ಇಳಿಹೊತ್ತಿಗೆ ತೊಲೆ ಕಿತ್ತರು. ಗೋಡೆಗಳು ತಾವಾಗಿಯೇ ಕುಸಿದವು. ಓಣಿಯ ಜನ ಎರಡೂ ಕಡೆ ನಿಂತು ನೋಡಿದರು. ಗೌಸಸಾಬ ಬೇವಿನ ಗಿಡದ ಬುಡದಲ್ಲಿ ಕೂತು, ರಕ್ತ ಉಗುಳಿ, ಊದುಗೊಳವೆಯನ್ನು ಒಡೆದ ತುಟಿಗಿಟ್ಟುಕೊಂಡ. ಗಾಳಿ ಕೊಳವೆಗೆ ಹೋಗದೆ ಬಾಯಿಯ ಸುತ್ತಲಿಂದ ಬುಸ್ಸೆಂದು ಹೊರಬಿತ್ತು. ಇನ್ನೊಮ್ಮೆ ಊದಿದ. ಅಷ್ಟೇ. ಮೂರನೆಯ ಸಲ ಊದಲಿಲ್ಲ, ಮಗುವಿನ ಹಾಗೆ ಅತ್ತ.

ಅವನು ತೊದಲಿ ಹೇಳಿದ್ದನ್ನೆಲ್ಲ ಜೋಹರಾ ಓಣಿಗೆ ಕೇಳಿಸುವಂತೆ ಕೂಗಿ ಹೇಳಿದಳು. ಅಜ್ಜನ ಕೈ, ಹಿಂದಿನ ಬೆಸುಗೆ, ಸುತ್ತಿಗೆ, ಒಂದನ್ನೂ ಬಿಡಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀ ಇದ್ದೆಲ್ಲೋ ಅಮಸಿದ್ದಣ್ಣ! ನಿನ್ನ ಕಣ್ಣಿಲೆ ನೋಡೀದಿ. ಹೇಳೋ ಇವರಿಗೆ!" ಎಂದಳು.

ಅಮಸಿದ್ದಪ್ಪ ಹಳದಿಯಾದ ಅಂಗೈಯನ್ನು ಕಂಬಳಿಗೆ ಒರೆಸಿಕೊಂಡ. ವಾಡೆಯವರು ಮಧ್ಯಾಹ್ನವೇ ಅವನ ಕೈಗೆ ಭಂಡಾರದ ಅರಿಶಿನ ಹಾಕಿ, ಬಾಯಿ ಬಿಡುವುದಿಲ್ಲವೆಂದು ಅವನ ಮನೆದೇವರು ಬೀರಪ್ಪನ ಆಣೆ ಮಾಡಿಸಿದ್ದರು.

"ನಾ ಬೀಸಾಕತ್ತಿದ್ನೆವ್ವಾ," ಎಂದ. "ಕಣ್ಣಾಗ ಬೂದಿ ಬಿದ್ದಿತ್ತು. ಏನೂ ನೋಡಲಿಲ್ಲ."

ಜೋಹರಾ ಅವನನ್ನು ಬೈಯಲಿಲ್ಲ. ಗಂಡನ ಕೈಯಿಂದ ಊದುಗೊಳವೆ ತೆಗೆದುಕೊಂಡಳು. ಮಣ್ಣಿನೊಳಗಿಂದ ದೀಪ ಹುಡುಕಿ ತೆಗೆದು ಒಬ್ಬಳೇ ನಡೆದು ವಾಡೆಯ ದೊಡ್ಡ ಬಾಗಿಲ ಮುಂದೆ, ನಟ್ಟನಡುವೆ ಕುಕ್ಕರಗಾಲಲ್ಲಿ ಕೂತಳು. ದೀಪ ಹಚ್ಚಿ, ಕೊಳವೆ ತುಟಿಗಿಟ್ಟು ಊದಿದಳು. ಉರಿ ಬಾಗಿ ಬಾಗಿಲ ಕಡೆ ಚಾಚಿತು.

"ನೋಡ್ರೆಪಾ, ಇಷ್ಟ!" ಎಂದು ಹಿಂದೆ ಬಂದು ನಿಂತ ಜನಕ್ಕೆ ಹೇಳಿದಳು. "ಇದಕ್ಕ ನಮ್ಮವರ ಹಲ್ಲ ಮುರದ್ರು. ಬರ್ರಿ ಧಣಿ ಹೊರಗ, ನನ್ನವೂ ಮುರೀರಿ!"

ಮತ್ತೆ ಊದಿದಳು. ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು. ಒಳಗಿನಿಂದ ಬಾಗಿಲ ಅಗಳಿ ತೆಗೆಯುವ ಸದ್ದು ಕೇಳಿಸಿತು.