ಬಟ್ಟೆ ಹತ್ತುವ ಹುಡುಗಿಯ ತಾಯಿ

ಮಗಳ ಸರ್ಕಸ್ ನೋಡಲು ಸೌಮ್ಯಾ ಅವಳಿಗೆ ಹೇಳದೆಯೇ ಹೊರಟಿದ್ದಳು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಅವಳು ಶರ್ಟಿನ ಕಾಲರ್ ಹೊಲಿಯುವ ಟೈಲರ್. ಗಂಡ ತೀರಿಕೊಂಡಾಗ ಮಗಳು ಮಂಜುಶ್ರೀಗೆ ಇನ್ನೂ ಮಾತು ಬಂದಿರಲಿಲ್ಲ; ಈಗ ಆರನೇ ಕ್ಲಾಸು. ಪೋರ್ಚುಗಲ್‌ನಿಂದ ಬಂದ ಇನೆಸ್ ಎಂಬಾಕೆ ಬೇಗೂರು ರಸ್ತೆಯ ಒಂದು ಹಳೇ ಗೋದಾಮಿನಲ್ಲಿ ಬಡಮಕ್ಕಳಿಗೆ ಪಲ್ಟಿ ಹೊಡೆಯುವುದು, ಚೆಂಡು ಎಸೆದು ಹಿಡಿಯುವುದು, ಸೂರಿನಿಂದ ಇಳಿಬಿಟ್ಟ ಉದ್ದನೆಯ ಬಟ್ಟೆಯನ್ನು ಕಾಲಿಗೆ ಸುತ್ತಿಕೊಂಡು ಮೇಲೇರುವುದು ಎಲ್ಲ ಕಲಿಸುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮಂಜು ಅಲ್ಲೇ. ಅಷ್ಟು ಹೊತ್ತಿಗೆ ಸೌಮ್ಯಾಳ ಪಾಳಿ ಮುಗಿದಿರುತ್ತಿರಲಿಲ್ಲ. ಒಮ್ಮೆ ಬರುತ್ತೇನೆಂದರೆ, ಮನೆಯವರನ್ನು ಒಳಗೆ ಬಿಡುವುದಿಲ್ಲ ಎಂದಿದ್ದಳು ಮಗಳು.

ಆ ದಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಮಕ್ಕಳ ಪ್ರದರ್ಶನವಿತ್ತು; ಬರುವುದು ತಡವಾಗುತ್ತದೆ ಎಂದು ಮಂಜು ಹೇಳಿ ಹೋಗಿದ್ದಳು. ಮಧ್ಯಾಹ್ನ ಕಾರ್ಖಾನೆಯಲ್ಲಿ ಜನರೇಟರ್ ಕೆಟ್ಟು ಎಲ್ಲರನ್ನೂ ಮನೆಗೆ ಕಳಿಸಿದರು. ಸೌಮ್ಯಾ ಮನೆಗೆ ಹೋಗಲಿಲ್ಲ. ಸೀದಾ ಬಸ್ ಹತ್ತಿದಳು. ಸರ್ಕಸ್ ಮಾಡೋ ಮಗು ನಮ್ಮದೇ ಎಂದಾಗ ಗೇಟಿನ ಸೆಕ್ಯುರಿಟಿಯವನು ನಕ್ಕು ದಾರಿ ತೋರಿಸಿದ.

ಹಾಲ್‌ನ ಹಿಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ದೀಪ ಆರಿತು. ಪರದೆಯ ಮೇಲೆ ಒಂದು ಚಿತ್ರ ಶುರುವಾಯಿತು: ಗೋದಾಮು, ಮಕ್ಕಳು, ಆಮೇಲೆ ಮಂಜುವಿನ ಮುಖ. ಎಷ್ಟು ಚೆನ್ನಾಗಿ ಕಾಣುತ್ತಿದ್ದಾಳೆ ಎಂದುಕೊಳ್ಳುವಷ್ಟರಲ್ಲಿ ಆ ಮುಖ ಮಾತಾಡಿತು.

"ನಂಗೆ ಅಪ್ಪ ಇಲ್ಲ. ಅಮ್ಮನೂ ಸತ್ತೋದ್ರು. ನಂಗೆ ಯಾರೂ ಇಲ್ಲ."

ಕೆಳಗೆ ಇಂಗ್ಲಿಷ್ ಅಕ್ಷರಗಳು ಮೂಡಿದವು. ಪಕ್ಕದ ಹುಡುಗಿ ಅದನ್ನೋದಿ ಲೊಚಗುಟ್ಟಿದಳು. ಸೌಮ್ಯಾಳಿಗೆ ಕಿವಿಯೊಳಗೆ ಯಾರೋ ಹತ್ತಿ ತುರುಕಿದಂತಾಯಿತು. ಕೇಳಿದ್ದು ತಪ್ಪಿರಬೇಕು, ಬೇರೆ ಯಾವುದೋ ಮಗುವಿರಬೇಕು ಎನಿಸಿತು. ಆದರೆ ಹುಬ್ಬಿನ ಮೇಲಿನ ಗಾಯದ ಗುರುತು ಮಂಜುವಿನದೇ, ದನಿಯೂ ಅವಳದೇ. ಸೌಮ್ಯಾ ತನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ವೇದಿಕೆಯಲ್ಲಿ ಬೆಳಕು ಬಿದ್ದಾಗ ಮಂಜು ಆಗಲೇ ಬಟ್ಟೆ ಹಿಡಿದು ಏರುತ್ತಿದ್ದಳು. ಮಾಳಿಗೆ ಮನೆಯಷ್ಟು ಎತ್ತರ. ತುದಿಯಲ್ಲಿ ಕಾಲಿಗೆ ಬಟ್ಟೆ ಸುತ್ತಿ, ಕೈ ಬಿಟ್ಟು, ತಲೆಕೆಳಗಾಗಿ ತೂಗಿದಳು. ಅವಳ ಕಣ್ಣು ಜನರ ಮೇಲೆ ಹರಿದಾಡುತ್ತಿತ್ತು. ಎದ್ದು ಕೂಗಬೇಕು ಎಂದುಕೊಂಡಿದ್ದ ಸೌಮ್ಯಾ ಬೆಚ್ಚಿದಳು. ನನ್ನನ್ನು ಕಂಡರೆ ಇವಳು ಅಲ್ಲಿಂದ ಬೀಳುತ್ತಾಳೆ. ಮುಂದಿನವನ ಬೆನ್ನ ಹಿಂದೆ ತಲೆ ತಗ್ಗಿಸಿ, ಸೆರಗು ಮುಖಕ್ಕೆಳೆದುಕೊಂಡು, ಚಪ್ಪಾಳೆ ಸದ್ದು ಮುಗಿಯುವವರೆಗೂ ಹಾಗೇ ಅಡಗಿ ಕೂತಳು. ಮಗಳ ಆಟವನ್ನು ಅವಳು ನೋಡಲೇ ಇಲ್ಲ.

ಆಮೇಲೆ ವೇದಿಕೆಯ ಹಿಂದಕ್ಕೆ ಹೋದಳು. ಇನೆಸ್ ಮಂಜುವಿನ ಪಾದ ತಿಕ್ಕುತ್ತಿದ್ದಳು. ಇನೆಸ್‌ಳ ಇಂಗ್ಲಿಷ್ ಮಾತನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಿದ್ದ ಶ್ರೀಧರ್ ಎಂಬ ಯುವಕ, ಯಾರು ಬೇಕಿತ್ತು ಎಂದು ಕೇಳಿದ.

"ನಾನು ಇವಳ ಅಮ್ಮ, ಸಾರ್."

ಶ್ರೀಧರ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಇನೆಸ್‌ಳ ಮುಖ ಬಿಳಚಿಕೊಂಡಿತು. ಅವಳು ಮಂಜುವನ್ನು ನೋಡಿದಳು, ಸೌಮ್ಯಾಳನ್ನು ನೋಡಿದಳು. ಇಬ್ಬರದೂ ಒಂದೇ ಮೂಗು.

ಶ್ರೀಧರ್ ತಡವರಿಸುತ್ತ ವಿವರಿಸಿದ. ಜಾಗ ಕಡಿಮೆಯಿದ್ದುದರಿಂದ ಯಾರೂ ಇಲ್ಲದ ಮಕ್ಕಳಿಗೆ ಮೊದಲು ಎಂದು ನಿಯಮ ಮಾಡಿದ್ದರು. ಬಾಗಿಲಲ್ಲಿ ನಿಂತಿದ್ದ ಈ ಹುಡುಗಿ ಅದನ್ನು ಕೇಳಿಸಿಕೊಂಡಿರಬೇಕು. ವಠಾರದವರನ್ನು ವಿಚಾರಿಸಬೇಕಿತ್ತು, ತಾವು ವಿಚಾರಿಸಲಿಲ್ಲ.

ಸೌಮ್ಯಾ ಮಗಳ ಎದುರು ಕೂತಳು.

"ನಾನು ಹೆಂಗೆ ಸತ್ತೆ ಅಂತ ಹೇಳ್ದೆ?"

ಮಂಜು ನೆಲ ನೋಡಿದಳು. "ಜ್ವರ ಬಂದು."

"ಯಾರು ನೋಡ್ಕೊಂಡ್ರು ನನ್ನ?"

"ನಾನೇ," ಎಂದಳು. "ನಾನೇ ಗಂಜಿ ಕುಡಿಸ್ದೆ. ಆದ್ರೂ ನೀನು…" ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ಸೇರೋಕೆ ಬಂದ ದಿನಾನೂ ಹಿಂಗೇ ಅತ್ತಳು, ಅಕ್ಕ," ಎಂದ ಶ್ರೀಧರ್. "ಸಮಾಧಾನ ಮಾಡೋಕೇ ಆಗ್ಲಿಲ್ಲ. ಅದಕ್ಕೇ ಇನ್ನೇನೂ ಕೇಳ್ಲಿಲ್ಲ."

ಆ ಚಿತ್ರವನ್ನು ಇನ್ನು ಎಲ್ಲೂ ತೋರಿಸುವುದಿಲ್ಲ ಎಂದು ಇನೆಸ್ ಹೇಳಿಸಿದಳು. ತನ್ನ ಊರಿನಲ್ಲಿ ಅದನ್ನು ನೋಡಿದವರಿಗೆಲ್ಲ ನಿಜ ತಿಳಿಸುತ್ತೇನೆ, ನಿಯಮವನ್ನೂ ತೆಗೆಯುತ್ತೇನೆ, ಮಂಜುವನ್ನು ಬಿಡಿಸಬೇಡಿ ಎಂದಳು. ಸೌಮ್ಯಾ ಮಗಳನ್ನು ಎಬ್ಬಿಸಿಕೊಂಡು ಮನೆಗೆ ಹೊರಟಳು.

ಒಂದು ವಾರ ಮಂಜು ಗೋದಾಮಿಗೆ ಹೋಗಲಿಲ್ಲ; ಅಮ್ಮ ಮಗಳ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು. ಹೊಲಿಗೆಯ ನಡುವೆ ಇದ್ದಕ್ಕಿದ್ದಂತೆ "ಸತ್ತೋದ್ರು" ಎಂಬ ಆ ದನಿ ಕೇಳಿ ಸೌಮ್ಯಾಳ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಭಾನುವಾರ ಇನೆಸ್ ಮನೆಗೇ ಬಂದು, ಹೊಸಿಲ ಹೊರಗೇ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಕೂತು ಕಾಫಿ ಕುಡಿದಳು. ಅವಳು ಹೊರಟಾಗ ಸೌಮ್ಯಾ ಮಗಳಿಗೆ, ನಾಳೆಯಿಂದ ಹೋಗು ಎಂದಳು. ಮಂಜು ಓಡಿ ಬಂದು ಅಪ್ಪಿಕೊಂಡಾಗ ಮಾತ್ರ ಸೌಮ್ಯಾಳ ಮೈ ಒಂದು ಗಳಿಗೆ ಮರದಂತೆ ಸೆಟೆದೇ ಇತ್ತು. ಆಮೇಲೆ ಕೈ ತಾನಾಗಿ ಮಗಳ ಬೆನ್ನ ಮೇಲೆ ಹೋಯಿತು.